ತಟ್ಟಿದರೆ ನುಡಿವ ಕಲ್ಲು

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ತಟ್ಟಿ, ನಾದದಿಂದಲೇ ಬಿರುಕುಂಟೋ ಇಲ್ಲವೋ ಎಂಬುದನ್ನು ಅರಿಯುವಳಷ್ಟೆ. ಶಾಸ್ತ್ರಜ್ಞರು ಕಲ್ಲುಮಣ್ಣುಗಳನ್ನು ಪರೀಕ್ಷಿಸುವ ಒಂದು ವಿಧಾನವೂ ಇದಕ್ಕೆ ಬಹು ದೂರವಾದುದಲ್ಲ. ಅಲ್ಲಿ ತಟ್ಟುವುದು ಆಲ್ಫಾ ಕಣ. ಹೊರಡುವ ಉತ್ತರವು ಎಕ್ಸ್-ಕಿರಣ.

ಆಲ್ಫಾ ಕಣವೆಂದರೆ ಹೀಲಿಯಮ್ ಪರಮಾಣುವಿನ ಬೀಜವು. ಎಲೆಕ್ಟ್ರಾನಿಗಿಂತ ಅದು 7,000 ಮಡಿಗೂ ಹೆಚ್ಚು ಭಾರವುಳ್ಳದ್ದು. ಮೇರಿ ಮತ್ತು ಪಿಯೇರ್ ಕ್ಯೂರಿ ದಂಪತಿಗಳ ಹೆಸರನ್ನು ಹೊತ್ತ ಕ್ಯೂರಿಯಮ್ ಧಾತುವಿನಿಂದ ಹೊರಟಾಗ ಅದರ ವೇಗವು ಸೆಕೆಂಡಿಗೆ 16,000 ಕಿಲೋಮೀಟರಿಗೂ ಮಿಗಿಲು. ಇಂಥ ಕಣವು ಕಲ್ಲನ್ನು ಹೊಕ್ಕು, ಒಂದು ಪರಮಾಣುವಿನ ಒಳಗಣ ಸುತ್ತಿನಿಂದ ಎಲೆಕ್ಟ್ರಾನೊಂದನ್ನು ಹೊರಕ್ಕೆ ಕೆಡಹಿತೆನ್ನಿ. ಬರಿದಾದ ಸ್ಥಾನಕ್ಕೆ ಹೊರಗಣ ಸುತ್ತಿನ ಎಲೆಕ್ಟ್ರಾನು ಒಡನೆಯೇ ಇಳಿಯುವುದು. ಆಗ ಬಿಡುಗಡೆಯಾದ ಶಕ್ತಿಯು ಹಲವು ವೇಳೆ ಇನ್ನೊಂದು ಎಲೆಕ್ಟ್ರಾನನ್ನು ಹೊರದೂಡುವುದರಲ್ಲಿಯೇ ವ್ಯಯವಾಗುವುದು; ಕೆಲವು ವೇಳೆ ಎಕ್ಸ್-ಕಿರಣವಾಗಿ ಹೊಮ್ಮುವುದು.

ಆ ಕಿರಣದ ಶಕ್ತಿಯು ಧಾತುವಿನಿಂದ ಧಾತುವಿಗೆ ಬೇರೆ. ಗಂಧಕದ್ದು ಸುಮಾರು 2,300 ಎಲೆಕ್ಟ್ರಾನ್-ವೋಲ್ಟು, ಕಬ್ಬಿಣದ್ದು 6,400. ಆದಕಾರಣ ಕಿರಣವನ್ನು ಅಳೆದವರಿಗೆ ಧಾತುವಿನ ಹೆಸರು ತಾನೇ ದೊರೆಯುವುದು. ಈ ಕ್ರಮವನ್ನು 1913ರಲ್ಲಿ ಎಲೆಕ್ಟ್ರಾನುಗಳ ಹೊಡೆತದಿಂದ ಕಂಡುಹಿಡಿದವರು ಇಂಗ್ಲೆಂಡಿನ ಹೆನ್ರಿ ಮೋಸ್ಲಿ. ತಾವಾಗಿಯೇ ಸೈನ್ಯವನ್ನು ಸೇರಿದ ಅವರು 1915ರಲ್ಲಿ ಗಲಿಪೊಲಿಯ ಯುದ್ಧದಲ್ಲಿ ಮಡಿದರು, ವಯಸ್ಸು 27. ಅಂಥವರನ್ನು ರಣರಂಗಕ್ಕೆ ಹೋಗಗೊಟ್ಟುದು ತುಂಬಲಾರದ ನಷ್ಟವೆಂದೇ ನಮ್ಮ ಎಣಿಕೆ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಕಡೆಗೆ ಇಳಿದಾಗ, ಅದರ ‘ಪ್ರಜ್ಞಾನ್’ ಎಂಬ ಪುಟ್ಟ ಬಂಡಿಯು ಇದೇ ಬಗೆಯ ಯಂತ್ರವನ್ನು ಹೊತ್ತಿದ್ದಿತು. ಅಹಮದಾಬಾದಿನ ಭೌತ ಸಂಶೋಧನಾಲಯವು ಅದನ್ನು ನಿರ್ಮಿಸಿತು. ಹಗುರವಾದ ಧಾತುಗಳನ್ನು ನುಡಿಸುವುದರಲ್ಲಿ ಆಲ್ಫಾ ಕಣವು ಗಟ್ಟಿಗ. ಕಬ್ಬಿಣದಂಥವನ್ನು ಅದೇ ಕ್ಯೂರಿಯಮ್ಮಿನ ಮೂಲದಿಂದ ಬರುವ ಎಕ್ಸ್-ಕಿರಣಗಳು ಹೆಚ್ಚಾಗಿ ಎಬ್ಬಿಸುವುವು. ಭೂಮಿಯಲ್ಲಾದರೆ ಹಗುರ ಧಾತುಗಳ ಕ್ಷೀಣ ಕಿರಣಗಳನ್ನು ಗಾಳಿಯೇ ನುಂಗಿಬಿಡುವುದು. ಗಾಳಿಯಿಲ್ಲದ ಚಂದ್ರನಲ್ಲಿ ಆ ತೊಡಕಿಲ್ಲ.

ಬಂಡಿಯು 103 ಮೀಟರು ಚಲಿಸಿ 23 ಕಡೆಗಳಲ್ಲಿ ಮಣ್ಣನ್ನು ಪರೀಕ್ಷಿಸಿತು. ಎಲ್ಲ ಕಡೆಯೂ ಮಣ್ಣು ಹೆಚ್ಚುಕಡಿಮೆ ಒಂದೇ ತೆರನಾಗಿದ್ದಿತು, ಗಂಧಕವೂ ಕಂಡುಬಂದಿತು. ಪೂರ್ವಕಾಲದಲ್ಲಿ ಚಂದ್ರನನ್ನು ಕರಗಿದ ಶಿಲೆಯ ಕಡಲು ಆವರಿಸಿತ್ತೆಂದೂ, ಹಗುರವಾದ ಖನಿಜಗಳು ಹಾಲಿನ ಕೆನೆಯಂತೆ ಮೇಲಕ್ಕೆ ತೇಲಿ ಗಟ್ಟಿಯಾದುವೆಂದೂ ಹೇಳುವ ಮತಕ್ಕೆ ಇದು ಪುಷ್ಟಿಕೊಟ್ಟಿತೆಂದು 2024ರಲ್ಲಿ ಪ್ರಕಟವಾಯಿತು. ಸೆಪ್ಟೆಂಬರಿನಲ್ಲಿ ಕವಿದ ಚಂದ್ರನ ರಾತ್ರಿಯು ಕಳೆದ ಮೇಲೆ ಬಂಡಿಯು ಮರಳಿ ಎಚ್ಚರಗೊಳ್ಳಲಿಲ್ಲ. ಅಷ್ಟರೊಳಗೆ ಅದರ ಅಳತೆಗಳು ಭೂಮಿಯನ್ನು ಮುಟ್ಟಿದ್ದುವು.