ನದಿಯೇ ರನ್‌ವೇ

ಚಕ್ರಗಳ ಜಾಗದಲ್ಲಿ ದೋಣಿಯಾಕಾರದ ಎರಡು ಫ್ಲೋಟ್‌ಗಳಿರುವ ಸಣ್ಣ ವಿಮಾನಕ್ಕೆ ಅಮೆಜಾನ್ ಹೇಳಿ ಮಾಡಿಸಿದ ಜಾಗ. ಪೆರುವಿನ ಇಕಿಟೋಸ್ ನಗರಕ್ಕೆ ಹೊರಗಿನಿಂದ ರಸ್ತೆಯೇ ಇಲ್ಲ. ಅದರಾಚೆಯ ಹಳ್ಳಿಗಳಲ್ಲಿ ವಿಮಾನ ಇಳಿಸುವಷ್ಟು ಬಯಲೂ ಅಪರೂಪ. ಪೆರುವಿನ ವಾಯುಪಡೆ ಇಲ್ಲಿ ಬಳಸುವುದು ಕೆನಡಾದ ಟ್ವಿನ್ ಆಟರ್. 1965ರಲ್ಲಿ ಮೊದಲು ಹಾರಿದ ಈ ಎರಡು ಎಂಜಿನ್‌ಗಳ ವಿಮಾನ ಸ್ವಲ್ಪ ದೂರ ಓಡಿದರೆ ಸಾಕು, ಮೇಲೇಳುತ್ತದೆ.

ನೀರಿನಿಂದ ಏಳುವುದು ಮಾತ್ರ ಅಷ್ಟು ಸಲೀಸಲ್ಲ. ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟೊಡನೆ ಮೂತಿ ಮೇಲಕ್ಕೇಳುತ್ತದೆ, ಫ್ಲೋಟ್‌ಗಳು ಮುಂದಿನ ನೀರನ್ನು ಗುಡ್ಡೆಹಾಕಿಕೊಂಡು ತಳ್ಳುತ್ತವೆ. ವೇಗ ಹೆಚ್ಚಿದಂತೆ ವಿಮಾನ ಆ ಗುಡ್ಡೆಯನ್ನು ಹತ್ತಿ ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ. ಫ್ಲೋಟ್‌ನ ತಳದಲ್ಲಿ, ನಡುವಿನಿಂದ ತುಸು ಹಿಂದೆ, ಒಂದು ಮೆಟ್ಟಿಲಿದೆ. ಜಾರುವಾಗ ನೀರು ಅಲ್ಲಿಗೇ ತಳವನ್ನು ಬಿಟ್ಟು ಕಳಚಿಕೊಳ್ಳುತ್ತದೆ, ಹಿಂಭಾಗ ಗಾಳಿಯಲ್ಲಿರುತ್ತದೆ. ಈ ಮೆಟ್ಟಿಲಿಲ್ಲದಿದ್ದರೆ ನೀರಿನ ಹಿಡಿತ ಬಿಡಿಸಿಕೊಳ್ಳುವುದೇ ಕಷ್ಟ.

ತಿಳಿಯಾದ, ಅಲೆಯಿಲ್ಲದ ನೀರು ಪೈಲಟ್‌ಗೆ ಸುಲಭವೆಂದು ತೋರಬಹುದು. ವಾಸ್ತವ ತಿರುಗುಮುರುಗು. ಸಣ್ಣ ಅಲೆಗಳಿದ್ದರೆ ಫ್ಲೋಟ್‌ನ ಅಡಿಗೆ ಗಾಳಿ ನುಗ್ಗಿ ಹಿಡಿತ ಸಡಿಲವಾಗುತ್ತದೆ. ನೀರು ಸ್ತಬ್ಧವಾಗಿದ್ದರೆ ರೆಕ್ಕೆ ವಾಲಿಸಿ ಒಂದು ಫ್ಲೋಟನ್ನು ಮೊದಲು ಎತ್ತಬೇಕಾಗಿ ಬರುತ್ತದೆ. ಇಳಿಯುವಾಗ ಅಪಾಯ ಇನ್ನೂ ಹೆಚ್ಚು. ಅಮೆಜಾನ್‌ನ ಕಪ್ಪು ನೀರಿನ ಉಪನದಿ ರಿಯೋ ನೀಗ್ರೋ ಕನ್ನಡಿಯಾಗಿ ಮೋಡವನ್ನೇ ತೋರಿಸುವಾಗ ನೀರು ಎಷ್ಟು ಕೆಳಗಿದೆಯೆಂಬ ಅಂದಾಜು ಕಣ್ಣಿಗೆ ಸಿಗುವುದಿಲ್ಲ. ಆಗ ಮೂತಿಯನ್ನು ತುಸು ಎತ್ತಿಟ್ಟು, ಎಂಜಿನ್ ನಿಲ್ಲಿಸದೆ, ನಿಮಿಷಕ್ಕೆ ಸುಮಾರು 150 ಅಡಿಯಂತೆ ಇಳಿಯುತ್ತ ಫ್ಲೋಟ್ ನೀರಿಗೆ ತಾಗುವವರೆಗೆ ಕಾಯಬೇಕು. ದಡದ ಮರಗಳ ಸಮೀಪ ಇಳಿದರೆ ಕಣ್ಣಿಗೊಂದು ಆಸರೆ.

ನದಿಯೂ ಒಂದೇ ಬಗೆಯಲ್ಲಿರುವುದಿಲ್ಲ. ಬ್ರೆಜಿಲ್‌ನ ಮನಾವ್ಸ್ ನಗರದ ಬಳಿ ವರ್ಷದೊಳಗೆ ನೀರಿನ ಮಟ್ಟ ಸರಾಸರಿ 10 ಮೀಟರ್‌ನಷ್ಟು ಏರಿಳಿಯುತ್ತದೆ. ಬೇಸಿಗೆಯಲ್ಲಿ ಮರಳದಿಣ್ಣೆ, ಮಳೆಗಾಲದಲ್ಲಿ ತೇಲಿಬರುವ ದಿಮ್ಮಿ. ಹಾಗಾಗಿ ಇಳಿಯುವ ಮೊದಲು ಆ ಜಾಗದ ಮೇಲೆ ಒಂದು ಸುತ್ತು ಹಾಕಿ ನೋಡುವುದು ವಾಡಿಕೆ.

ಒಂದೊಂದು ಫ್ಲೋಟ್‌ನಲ್ಲೂ ನೀರು ಸೋರದಂತೆ ಬೇರ್ಪಡಿಸಿದ ಹಲವು ಕೋಣೆಗಳಿರುತ್ತವೆ, ಒಂದಕ್ಕೆ ತೂತು ಬಿದ್ದರೂ ವಿಮಾನ ಮುಳುಗದಿರಲೆಂದು. ಹೊರಡುವ ಮೊದಲು ಪ್ರತಿ ಕೋಣೆಗೂ ಕೈಪಂಪು ಹಾಕಿ ಸೇರಿದ ನೀರನ್ನು ತೆಗೆಯುತ್ತಾರೆ. ಕಡಲಿನಲ್ಲಾದರೆ ಉಪ್ಪು ಲೋಹವನ್ನು ತಿನ್ನುತ್ತದೆ. ಅಮೆಜಾನ್‌ನ ಸಿಹಿನೀರಿನಲ್ಲಿ ಆ ಕಾಟ ಕಡಿಮೆ.