ಒಂದು ವಿಳಾಸದ ವಠಾರ

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿನ ರಾಜಗೋಪಾಲನಗರದಿಂದ ಓದುಗರೊಬ್ಬರು ಪ್ರಶ್ನೆಯೊಂದನ್ನು ಕಳುಹಿಸಿದ್ದಾರೆ. ತಮ್ಮ ಲೇತ್ ವರ್ಕ್‌ಶಾಪಿನ ಲೆಕ್ಕಪತ್ರದ ತಂತ್ರಾಂಶವನ್ನೂ, ಮನೆಮಂದಿಯ ಫೋಟೋಗಳ ಭಂಡಾರವನ್ನೂ, ಮಗಳ ಜಾಲತಾಣವನ್ನೂ ಮನೆಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರೊಂದರಿಂದಲೇ ನಡೆಸಬೇಕೆಂಬುದು ಅವರ ಅಭಿಲಾಷೆ. ಆದರೆ ಇಂಟರ್ನೆಟ್ ಕಂಪನಿಯವರು ಕೊಟ್ಟಿರುವ ಸಾರ್ವಜನಿಕ ಐಪಿ ವಿಳಾಸವು ಒಂದೇ ಒಂದು. ಮೂರು ಸೇವೆಗಳಿಗೆ ಮೂರು ವಿಳಾಸಗಳು ಬೇಡವೆ?

ಬೇಡ. ಏಕೆ ಬೇಡವೆಂಬುದನ್ನು ತಿಳಿಯಲು ಬೆಂಗಳೂರಿನ ಹಳೆಯ ವಠಾರವೊಂದನ್ನು ನೆನೆದರೆ ಸಾಕು. ಬೀದಿಗೆ ಒಂದೇ ಬಾಗಿಲು, ಪುರಸಭೆಯ ದಾಖಲೆಯಲ್ಲಿ ಒಂದೇ ಸಂಖ್ಯೆ. ಒಳಗೆ ಮಾತ್ರ ಸಾಲಾಗಿ ಹಲವು ಸಂಸಾರಗಳು. ಅಂಚೆಯವನು ಬಾಗಿಲವರೆಗೆ ಬಂದು ಕಾಗದಗಳನ್ನು ಕೊಟ್ಟುಹೋಗುತ್ತಾನೆ. ಯಾವುದು ಯಾರಿಗೆಂಬ ವಿವೇಚನೆಯು ಬಾಗಿಲಲ್ಲಿ ಕುಳಿತ ವಠಾರದ ಯಜಮಾನನದು.

ಇಂಟರ್ನೆಟ್ಟಿನ ಶಿಲ್ಪಿಗಳಲ್ಲೊಬ್ಬರಾದ ವಿಂಟ್ ಸರ್ಫ್ ವಿಳಾಸಕ್ಕೆ 32 ಬಿಟ್‌ಗಳೆಂದು ನಿಶ್ಚಯಿಸಿದ್ದು 1977ರಲ್ಲಿ. 1981ರಲ್ಲಿ ಅದೇ ಶಾಶ್ವತ ನಿಯಮವಾಯಿತು. ಪ್ರಯೋಗವೆಂದು ಆರಂಭವಾದುದಕ್ಕೆ ಸುಮಾರು 429 ಕೋಟಿ ವಿಳಾಸಗಳು ಅಕ್ಷಯವೆಂದೇ ತೋರಿರಬೇಕು. ಆದರೆ 1990ರ ದಶಕದ ಆದಿಯಲ್ಲಿಯೇ ಕೊರತೆಯ ಭೀತಿ ಹುಟ್ಟಿತು. 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬವರು, ಶಾಶ್ವತ ಪರಿಹಾರ ದೊರೆಯುವವರೆಗಿನ ತಾತ್ಕಾಲಿಕ ಉಪಾಯವೆಂದು ಹೇಳಿಯೇ, ಒಳಗಿನ ಖಾಸಗಿ ವಿಳಾಸಗಳನ್ನು ಹೊಸ್ತಿಲಲ್ಲಿ ಬದಲಿಸಿ ಕಳುಹಿಸುವ ‘ನ್ಯಾಟ್’ ವಿಧಾನವನ್ನು ಪ್ರಕಟಿಸಿದರು. ತಾತ್ಕಾಲಿಕವೆಂದು ಕಟ್ಟಿದ ಚಪ್ಪರವು ಮೂರು ದಶಕಗಳಾದರೂ ನಿಂತೇ ಇದೆ. ಇಂದು ನಮ್ಮ ಮನೆಮನೆಯ ರೌಟರ್ ಆ ಯಜಮಾನನೇ: ಒಳಗಿನಿಂದ ಹೋದ ಕಾಗದಗಳ ಲೆಕ್ಕವನ್ನಿಟ್ಟು ಉತ್ತರಗಳನ್ನು ಹಂಚುತ್ತಾನೆ, ಕರೆಯದೆ ಬಂದವರನ್ನು ಹಿಂದಕ್ಕಟ್ಟುತ್ತಾನೆ.

ಮನೆಯಿಂದ ಸೇವೆ ನಡೆಸುವುದೆಂದರೆ ಕರೆಯದೆ ಬರುವವರನ್ನೇ ಬರಮಾಡಿಕೊಳ್ಳುವುದಷ್ಟೆ. ಅದಕ್ಕೆ ಕೋಣೆಯ ಸಂಖ್ಯೆಯಂತಿರುವ ಪೋರ್ಟ್ ಸಂಖ್ಯೆ ನೆರವಾಗುತ್ತದೆ. ಇಂಥ ಸಂಖ್ಯೆಗೆ ಬಂದವರನ್ನು ಇಂಥ ಯಂತ್ರಕ್ಕೆ ಕಳುಹಿಸೆಂದು ರೌಟರಿಗೆ ಕಟ್ಟಪ್ಪಣೆ ಮಾಡಬಹುದು. ಸಂಖ್ಯೆಗಳೇನೋ 65,536 ಇವೆ. ಆದರೆ ಸುರಕ್ಷಿತ ಜಾಲತಾಣವನ್ನು ಅರಸಿ ಬರುವವರೆಲ್ಲರೂ ರೂಢಿಯಂತೆ 443ನೆಯ ಕದವನ್ನೇ ತಟ್ಟುವರು. ಮೂರು ತಾಣಗಳೂ ಒಂದೇ ಕದಕ್ಕೆ ಮುಗಿಬಿದ್ದರೆ ಮಾಡುವುದೇನು?

ಇಲ್ಲಿಯೇ ನನಗೆ ಬಲು ಮೆಚ್ಚುಗೆಯಾದ ಉಪಾಯವಿರುವುದು. ಮೊದಲಿಗೆ ಬ್ರೌಸರ್ ತನಗೆ ಬೇಕಾದ ಪುಟವನ್ನು ಕೇಳುತ್ತಿತ್ತೇ ಹೊರತು ಯಾವ ತಾಣದ ಪುಟವೆಂದು ಹೇಳುತ್ತಿರಲಿಲ್ಲ. ಆದ್ದರಿಂದ ತಾಣಕ್ಕೊಂದು ವಿಳಾಸ ಅನಿವಾರ್ಯವಾಗಿತ್ತು. 1997ರ ಜನವರಿಯ ಎಚ್‌ಟಿಟಿಪಿ 1.1 ನಿಯಮವು ತಾಣದ ಹೆಸರನ್ನೂ ಹೇಳಲೇಬೇಕೆಂದು ವಿಧಿಸಿತು. ಆದರೆ ಗೂಢಲಿಪಿಯ ಸಂಪರ್ಕದಲ್ಲಿ ಆ ಹೆಸರು ಮುಚ್ಚಿದ ಲಕೋಟೆಯ ಒಳಗಿರುತ್ತಿತ್ತು. ಲಕೋಟೆ ತೆರೆಯುವ ಮೊದಲೇ ಯಾವ ಸಂಸಾರದ ಮುದ್ರೆಯನ್ನು ತೋರಿಸಬೇಕೆಂದು ಯಜಮಾನನು ಅರಿಯುವುದೆಂತು? 2003ರ ಎಸ್‌ಎನ್‌ಐ ಎಂಬ ತಿದ್ದುಪಡಿಯು ಹೆಸರನ್ನು ಲಕೋಟೆಯ ಮೇಲೆಯೇ ಬರೆಸಿತು. ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ಕಲಿಯಲೇ ಇಲ್ಲವಾದ ಕಾರಣ ಎಲ್ಲರೂ ಧೈರ್ಯವಾಗಿ ಬಳಸಲು ಮತ್ತೊಂದು ದಶಕ ಹಿಡಿಯಿತು. ಈಗ, ರಷ್ಯದ ಇಗೋರ್ ಸಿಸೊಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್‌ನಂಥ ಒಂದು ತಂತ್ರಾಂಶವನ್ನು 443ರಲ್ಲಿ ಕೂರಿಸಿ ಮೂರು ಹೆಸರುಗಳನ್ನು ಬರೆದಿಟ್ಟರೆ, ಅದು ಬಂದವರನ್ನು ಹೆಸರು ಹಿಡಿದು ಹಂಚುವುದು. ಮಿಂಚಂಚೆಗೆ ಮಾತ್ರ ಕೈ ಹಾಕದಿರುವುದು ಲೇಸು. ಮನೆಯ ವಿಳಾಸದಿಂದ ಹೊರಟ ಅಂಚೆಯನ್ನು ದೊಡ್ಡ ಸಂಸ್ಥೆಗಳು ಸಂಶಯದಿಂದಲೇ ಕಾಣುತ್ತವೆ.

‘ನಿಮ್ಮ ಕ್ಲೌಡ್ ನಿಮ್ಮ ಮನೆಯಲ್ಲೇ’ ಎಂದು ಡಂಗುರ ಸಾರುವವರು ಒಂದು ಸಂಗತಿಯನ್ನು ಮೆಲ್ಲಗೆ ಮರೆಸುತ್ತಾರೆ. ಏಷ್ಯ–ಪೆಸಿಫಿಕ್ ವಲಯದ ವಿಳಾಸ ಭಂಡಾರವು 2011ರ ಏಪ್ರಿಲ್ 15ರಂದೇ ಕೊನೆಯ ಕಂತಿಗಿಳಿದುದರಿಂದ, ಎಷ್ಟೋ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಹಾಕಿವೆ; ವಠಾರದೊಳಗೊಂದು ವಠಾರ, ಹೊರಬಾಗಿಲ ಯಜಮಾನನು ನಮ್ಮ ಮಾತು ಕೇಳುವವನಲ್ಲ. ರೌಟರಿನ ಹೊರಮುಖದ ವಿಳಾಸವು 100.64ರಿಂದ 100.127ರೊಳಗಿನ ಅಂಕಿಗಳಿಂದ ಆರಂಭವಾಗಿದ್ದರೆ ಇದೇ ಅವಸ್ಥೆಯೆಂದು ತಿಳಿಯತಕ್ಕದ್ದು. ಆಗ ಹೆಚ್ಚಿನ ಶುಲ್ಕ ತೆತ್ತು ಸ್ಥಿರ ವಿಳಾಸವನ್ನು ಪಡೆಯಬೇಕು, ಇಲ್ಲವೆ ಹೊರಗೊಂದು ಚಿಕ್ಕ ಸರ್ವರನ್ನು ಬಾಡಿಗೆಗೆ ಹಿಡಿದು ಅಲ್ಲಿಂದ ಮನೆಗೆ ಸುರಂಗ ಕೊರೆಯಬೇಕು. ಕರೆಂಟು ಹೋದಾಗಲೂ ಸೇವೆ ನಿಲ್ಲದಿರಬೇಕೆಂದರೆ ಯುಪಿಎಸ್‌ನ ಖರ್ಚು ಬೇರೆ.

128 ಬಿಟ್‌ಗಳ ಐಪಿವಿ6 ಬಂದಿರುವಾಗ ಈ ಪಾಡೇಕೆಂದು ಕೇಳಬಹುದು. ಅದರಲ್ಲಿ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ ಸಲ್ಲುವುದು ನಿಜ, ಭಾರತದಲ್ಲಿ ಅದರ ಬಳಕೆ ಬಹಳವಾಗಿರುವುದೂ ನಿಜ. ಆದರೆ ಹಳೆಯ ಜಾಲದಲ್ಲಿಯೇ ಉಳಿದಿರುವ ಗಿರಾಕಿಯೊಬ್ಬನು ವರ್ಕ್‌ಶಾಪಿನ ಬಿಲ್ಲು ನೋಡಬೇಕೆಂದರೆ ಅವನಿಗೆ ಆ ಹೊಸ ವಿಳಾಸವು ಕಾಣುವುದೇ ಇಲ್ಲ. ಸದ್ಯಕ್ಕೆ ಎರಡನ್ನೂ ತೆರೆದಿಡುವುದೇ ಸರಿ.