ಕೋರ್ಸ್ ಆರಿಸೋ ಮುಂಚೆ ಲೈಬ್ರರಿಯಲ್ಲಿ ಮೂರು ಸಂಜೆ

ಪಿಯು ರಿಸಲ್ಟ್ ಬಂದ ಮೇಲೆ ಮನೆಮನೆಯಲ್ಲೂ ಒಂದೇ ಪ್ರಶ್ನೆ: ಮುಂದೇನು? ಚಿಕ್ಕಪ್ಪ ಒಂದು ಹೇಳ್ತಾರೆ, ಪಕ್ಕದ ಮನೆ ಆಂಟಿ ಇನ್ನೊಂದು ಹೇಳ್ತಾರೆ, ಬಸ್ ಸ್ಟಾಪ್ ಹತ್ತಿರದ ಹೋರ್ಡಿಂಗ್ '100% ಪ್ಲೇಸ್‌ಮೆಂಟ್' ಅನ್ನುತ್ತೆ. ಆದರೆ ಮೂರು ನಾಲ್ಕು ವರ್ಷ ಕೂತು ಓದೋರು ನೀವು, ಫೀಸಿಗೆ ಸಾಲ ಮಾಡೋರು ಅಪ್ಪ ಅಮ್ಮ. ಹಾಗಾಗಿ ಈ ಮಾತುಗಳನ್ನೆಲ್ಲ ನೀವೇ ಪರೀಕ್ಷೆ ಮಾಡೋದು ಹೇಗೆ ಅಂತ ಇವತ್ತು ನೋಡೋಣ.

ಇದಕ್ಕೆ ಜಾಗ ನಿಮ್ಮ ಸಾರ್ವಜನಿಕ ಗ್ರಂಥಾಲಯ. ಕರ್ನಾಟಕದಲ್ಲಿ 1965ರ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಜೊತೆಗೆ ಗ್ರಂಥಾಲಯ ಸೆಸ್ ಕೂಡ ವಸೂಲಾಗುತ್ತೆ. ಅಂದ್ರೆ ಲೈಬ್ರರಿಗೆ ದುಡ್ಡು ಕೊಡ್ತಿರೋದು ನಮ್ಮ ಜನರೇ, ಸಂಕೋಚ ಬೇಡ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ. ಮೂರು ಸಂಜೆ ಸಾಕು, ಒಂದೊಂದು ಸಂಜೆಗೆ ಒಂದೊಂದು ಪ್ರಶ್ನೆ.

ಮೊದಲ ಸಂಜೆ: ಆ ಕೆಲಸದಲ್ಲಿ ದಿನವಿಡೀ ಏನು ಮಾಡ್ತಾರೆ?

ಕೇಂದ್ರ ಕಾರ್ಮಿಕ ಸಚಿವಾಲಯ 'ರಾಷ್ಟ್ರೀಯ ಉದ್ಯೋಗ ವರ್ಗೀಕರಣ 2015' ಅನ್ನೋ ದೊಡ್ಡ ಪಟ್ಟಿ ಮಾಡಿದೆ. ಇಂಗ್ಲಿಷ್‌ನಲ್ಲಿದೆ, ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ಉಚಿತವಾಗಿ ಸಿಗುತ್ತೆ. ಪ್ರತಿ ಉದ್ಯೋಗಕ್ಕೂ ಒಂದು ಸಂಖ್ಯೆ, ಜೊತೆಗೆ ಆ ಕೆಲಸದ ವಿವರಣೆ. ನಾನು ಬಿ.ಕಾಂ ಓದಿದವನಾದ್ದರಿಂದ ನನ್ನ ಕ್ಷೇತ್ರದ್ದೇ ಉದಾಹರಣೆ ಕೊಡ್ತೀನಿ. 'ಅಕೌಂಟ್ಸ್ ಕೆಲಸ' ಅಂತ ನಾವು ಒಂದೇ ಉಸಿರಲ್ಲಿ ಹೇಳ್ತೀವಿ. ಈ ಪಟ್ಟಿಯಲ್ಲಿ ಅದು ಮೂರು ಕಡೆ ಬರುತ್ತೆ. 2ರಿಂದ ಶುರುವಾದರೆ ವೃತ್ತಿಪರ ಅಕೌಂಟೆಂಟ್, 3 ಅಂದ್ರೆ ಸಹಾಯಕ ಹಂತ, 4 ಅಂದ್ರೆ ಲೆಕ್ಕ ಬರೆಯೋ ಗುಮಾಸ್ತರು. ಮೊದಲ ಅಂಕಿಯಲ್ಲೇ ಕೌಶಲದ ಮಟ್ಟ ಗೊತ್ತಾಗುತ್ತೆ. ನಿಮಗೆ ಬೇಕಾಗಿರೋದು ಯಾವುದು, ಈ ಡಿಗ್ರಿ ಅಲ್ಲಿಗೆ ತಲುಪಿಸುತ್ತಾ, ಇನ್ನೊಂದು ಪರೀಕ್ಷೆ ಬೇಕಾ ಅಂತ ನೋಡಿ. ಸಿಎ ಆಗಬೇಕು ಅನ್ನೋರಿಗೆ ಒಂದು ವಿಷಯ: ಫೌಂಡೇಶನ್ ಪರೀಕ್ಷೆ ಬರೆಯೋಕೆ ಬಿ.ಕಾಂ ಬೇಕಿಲ್ಲ, ಪಿಯು ಮುಗಿಸಿದ್ರೆ ಸಾಕು.

ಎರಡನೇ ಸಂಜೆ: ಆ ಕೋರ್ಸಿನಲ್ಲಿ ಏನು ಓದಿಸ್ತಾರೆ?

ವಿಶ್ವವಿದ್ಯಾಲಯದ ವೆಬ್‌ಸೈಟ್‌ನಿಂದ ಸಿಲಬಸ್ ಇಳಿಸಿಕೊಳ್ಳಿ. ಅದರ ಪಠ್ಯಪುಸ್ತಕ ಹುಡುಕಿಕೊಂಡು ಕಪಾಟಿಗೆ ಹೋಗಿ. ಡ್ಯೂಯಿ ಪದ್ಧತಿಯಲ್ಲಿ ಜೋಡಿಸಿದ ಲೈಬ್ರರಿಯಾದರೆ 657 ಅಕೌಂಟಿಂಗ್, 340 ಕಾನೂನು, 610 ವೈದ್ಯಕೀಯ, 630 ಕೃಷಿ. ಸಿಗದಿದ್ದರೆ ಗ್ರಂಥಪಾಲಕರನ್ನ ಕೇಳಿ, ಹುಡುಕಿಕೊಡೋದು ಅವರ ಕೆಲಸವೇ. ಐಐಟಿ ಖರಗ್‌ಪುರ ನಡೆಸೋ ನ್ಯಾಷನಲ್ ಡಿಜಿಟಲ್ ಲೈಬ್ರರಿಯನ್ನ ಫೋನಿನಲ್ಲೂ ನೋಡಬಹುದು. ಪುಸ್ತಕದ ಮಧ್ಯದ ಒಂದು ಅಧ್ಯಾಯ ತೆಗೆದು ಒಂದು ಗಂಟೆ ಓದಿ. ಎಲ್ಲ ಅರ್ಥ ಆಗಬೇಕು ಅಂತಿಲ್ಲ. ಇನ್ನೊಂದು ಪುಟ ತಿರುಗಿಸೋಣ ಅನ್ನಿಸ್ತಾ, ಅಥವಾ ಮತ್ತೆ ಮತ್ತೆ ಗಡಿಯಾರ ನೋಡ್ತಿದ್ರಾ, ಅದನ್ನ ಗಮನಿಸಿ.

ಮೂರನೇ ಸಂಜೆ: ಆ ಕಾಲೇಜಿನಿಂದ ಹೊರಬಂದೋರು ಏನಾದ್ರು?

ಇಲ್ಲಿ ಎನ್‌ಐಆರ್‌ಎಫ್ ಉಪಯೋಗಕ್ಕೆ ಬರುತ್ತೆ. ಕೇಂದ್ರ ಸರ್ಕಾರದ ಈ ರ‍್ಯಾಂಕಿಂಗ್ 2016ರಿಂದ ಬರ್ತಿದೆ. ರ‍್ಯಾಂಕ್ ಬಿಡಿ, ಕಾಲೇಜು ಸಲ್ಲಿಸಿದ ಮಾಹಿತಿಯ ಪಿಡಿಎಫ್ ತೆಗೆಯಿರಿ. ಎಷ್ಟು ಜನ ಸೇರಿದ್ರು, ಎಷ್ಟು ಜನ ಸಮಯಕ್ಕೆ ಸರಿಯಾಗಿ ಪಾಸಾದ್ರು, ಎಷ್ಟು ಜನಕ್ಕೆ ಕೆಲಸ ಸಿಕ್ತು, ಎಷ್ಟು ಜನ ಮುಂದೆ ಓದೋಕೆ ಹೋದ್ರು, ಎಲ್ಲ ಅದರಲ್ಲಿರುತ್ತೆ. 200 ಜನರಲ್ಲಿ ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟ 40 ಜನಕ್ಕೆ ಕೆಲಸ ಸಿಕ್ಕರೂ ಹೋರ್ಡಿಂಗ್ ಮೇಲೆ '100%' ಅಂತ ಬರೆಯಬಹುದು, ಅಲ್ವಾ?

ಸಂಬಳದ ಕಡೆ 'ಮೀಡಿಯನ್' ಅಂತ ಇರುತ್ತೆ. ಐದು ಜನ ಅಂದ್ಕೊಳ್ಳಿ. ನಾಲ್ವರಿಗೆ ತಿಂಗಳಿಗೆ 15 ಸಾವಿರ, ಒಬ್ಬರಿಗೆ 1 ಲಕ್ಷ. ಸರಾಸರಿ ತೆಗೆದರೆ 32 ಸಾವಿರ, ಆದರೆ ಅಷ್ಟು ಸಂಬಳ ಅಲ್ಲಿ ಯಾರಿಗೂ ಇಲ್ಲ. ಮೀಡಿಯನ್ ಅಂದ್ರೆ ಸಾಲಾಗಿ ನಿಲ್ಲಿಸಿದಾಗ ನಡುವಿನವರ ಸಂಬಳ, 15 ಸಾವಿರ. ಬ್ಯಾಂಕ್ ಸಾಲದ ಕಂತನ್ನ ಈ ಸಂಖ್ಯೆ ಪಕ್ಕದಲ್ಲಿಟ್ಟು ನೋಡಿ.

ಎರಡು ಎಚ್ಚರಿಕೆ. ಈ ಅಂಕಿಗಳನ್ನ ಕೊಡೋದು ಕಾಲೇಜುಗಳೇ. ಎಲ್ಲ ಕಾಲೇಜುಗಳೂ ಇದರಲ್ಲಿ ಭಾಗವಹಿಸಲ್ಲ. ಪಟ್ಟಿಯಲ್ಲಿ ಇಲ್ಲದ ಕಾಲೇಜಾದರೆ ಇದೇ ಪ್ರಶ್ನೆಗಳನ್ನ ಬರೆದುಕೊಂಡು ಹೋಗಿ, ಅಡ್ಮಿಷನ್ ಕೌಂಟರ್‌ನಲ್ಲೇ ಕೇಳಿ. ಹಿಂದಿನ ವರ್ಷ ಪಾಸಾದ ಇಬ್ಬರು ಮೂವರನ್ನಾದರೂ ಮಾತಾಡಿಸಿ.

ಮೂರು ಸಂಜೆಯ ಉತ್ತರಗಳನ್ನ ಒಂದು ಹಾಳೆಯಲ್ಲಿ ಬರೆದು ಅಪ್ಪ ಅಮ್ಮನ ಮುಂದೆ ಇಡಿ. 'ನಂಗೆ ಇದು ಇಷ್ಟ' ಅಂದಾಗ ಕಿವಿಗೆ ಹಾಕಿಕೊಳ್ಳದವರೂ ಫೀಸು, ಕಂತು, ಸಂಬಳದ ಲೆಕ್ಕ ಕಂಡರೆ ಕನ್ನಡಕ ಹಾಕ್ಕೊಂಡು ಓದ್ತಾರೆ. ಆಪ್ಷನ್ ಎಂಟ್ರಿ ಶುರುವಾಗೋ ಮುಂಚೆಯೇ ಇದನ್ನ ಮುಗಿಸಿಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.